‘ದ ಗೋಲ್’ ಪೀಣ್ಯದ ಶೆಡ್ಡಿಗೆ ಬಂದಾಗ

ಎಲಿಯಾಹು ಗೋಲ್ಡ್‌ರಾಟ್ ಭೌತವಿಜ್ಞಾನ ಓದಿದವರು. ಜೆಫ್ ಕಾಕ್ಸ್ ಜೊತೆ ಸೇರಿ ಅವರು 1984ರಲ್ಲಿ ಹೊರತಂದ ‘ದ ಗೋಲ್’, ಕಾದಂಬರಿಯ ವೇಷದಲ್ಲಿರುವ ಮ್ಯಾನೇಜ್‌ಮೆಂಟ್ ಪುಸ್ತಕ. ಮೂರು ತಿಂಗಳಲ್ಲಿ ಸರಿಹೋಗದಿದ್ದರೆ ಬಾಗಿಲು ಮುಚ್ಚಬೇಕಾದ ಕಾರ್ಖಾನೆ, ಅದರ ಮ್ಯಾನೇಜರ್ ಅಲೆಕ್ಸ್ ರೋಗೊ, ಉತ್ತರ ಹೇಳದೆ ಪ್ರಶ್ನೆ ಕೇಳುವ ಗುರು ಜೋನಾ. ಕಥೆಯಾಗಿ ಇದು ಸಾಧಾರಣ. ಅದರೊಳಗಿನ ವಿಚಾರ ಮಾತ್ರ ಬಹಳ ಗಟ್ಟಿ.

ರೋಗೊ ಸ್ಕೌಟ್ ಹುಡುಗರನ್ನು ಕಾಡುದಾರಿಯಲ್ಲಿ ನಡೆಸಿಕೊಂಡು ಹೋಗುವಾಗ, ಇಡೀ ಸಾಲಿನ ವೇಗ ಹರ್ಬಿ ಎಂಬ ನಿಧಾನದ ಹುಡುಗನ ನಡಿಗೆಗೆ ಕಟ್ಟುಬಿದ್ದಿರುವುದನ್ನು ಕಾಣುತ್ತಾನೆ. ಕಾರ್ಖಾನೆಯಲ್ಲೂ ಹಾಗೆಯೇ. ಮಾಲು ಸಿಕ್ಕಿಕೊಳ್ಳುವ ಯಂತ್ರದಲ್ಲಿ ಹಾಳಾದ ಒಂದು ಗಂಟೆ ಇಡೀ ಕಾರ್ಖಾನೆಗೆ ಹಾಳಾದ ಒಂದು ಗಂಟೆ; ಉಳಿದ ಯಂತ್ರಗಳಲ್ಲಿ ಉಳಿಸಿದ ಗಂಟೆಗೆ ಬೆಲೆಯಿಲ್ಲ.

ಎರಡು ಸಿಎನ್‌ಸಿ, ಒಂದು ಲೇತ್, ಒಂದು ಗ್ರೈಂಡಿಂಗ್ ಮಷೀನು ಇಟ್ಟುಕೊಂಡು ಜಾಬ್ ವರ್ಕ್ ಮಾಡುವ ಪೀಣ್ಯದ ಶೆಡ್ಡಿನಲ್ಲಿ ಈ ಮಾತು ಪೈಸೆ ಖರ್ಚಿಲ್ಲದೆ ಫಲ ಕೊಡುತ್ತದೆ. ಮಾಲು ನಿಲ್ಲುವುದು ಗ್ರೈಂಡಿಂಗ್‌ನಲ್ಲಾದರೆ, ಅಲ್ಲಿಗೆ ಹೋಗುವ ಮುಂಚೆಯೇ ಅಳತೆ ನೋಡಿ ಕೆಟ್ಟ ಪೀಸನ್ನು ತೆಗೆದಿಡುವುದು, ಆಪರೇಟರ್ ಊಟಕ್ಕೆ ಹೋದಾಗ ಇನ್ನೊಬ್ಬರನ್ನು ನಿಲ್ಲಿಸುವುದು. ಇಷ್ಟಕ್ಕೇ ಡಿಸ್‌ಪ್ಯಾಚ್ ಏರುತ್ತದೆ.

ಮುಂದಿನ ಹೆಜ್ಜೆಯಲ್ಲಿ ಪುಸ್ತಕ ಎಡವುತ್ತದೆ. ಉಳಿದ ಯಂತ್ರಗಳನ್ನು ಸುಮ್ಮನೆ ಓಡಿಸಿ ಅರೆಬರೆ ಮಾಲು ರಾಶಿ ಹಾಕಬೇಡಿ, ಬೇಕಿದ್ದರೆ ಖಾಲಿ ನಿಲ್ಲಿಸಿ ಎನ್ನುತ್ತಾರೆ ಗೋಲ್ಡ್‌ರಾಟ್. ತರ್ಕ ಸರಿ. ಆದರೆ ಸಣ್ಣ ಶೆಡ್ಡುಗಳಲ್ಲಿ ಅನೇಕ ಆಪರೇಟರುಗಳ ಮನೆ ನಡೆಯುವುದೇ ಓಟಿ ದುಡ್ಡಿನಿಂದ. ಯಂತ್ರ ನಿಂತರೆ ಅವರ ಓಟಿ ನಿಂತಿತು. ಪಕ್ಕದ ರಸ್ತೆಯ ಶೆಡ್ಡಿನಲ್ಲಿ ಓಟಿ ಸಿಗುತ್ತದೆಂದರೆ ಅಲ್ಲಿಗೆ ಹೋಗುತ್ತಾರೆ. ಹೀಟ್ ಟ್ರೀಟ್‌ಮೆಂಟ್ ವಿಷಯವೂ ಹೀಗೆಯೇ. ರೋಗೊನ ಫರ್ನೇಸ್ ಅವನದೇ ಕಾರ್ಖಾನೆಯೊಳಗಿದೆ, ಅಲ್ಲಿಗೆ ಇಬ್ಬರನ್ನು ಹೆಚ್ಚಿಗೆ ಹಾಕಬಲ್ಲ. ನಮ್ಮವರದು ಹೊರಗಿನವರ ಫರ್ನೇಸ್: ಒಂದೇ ಗ್ರೇಡಿನ ಮಾಲು ಸಾಕಷ್ಟು ಕೂಡುವವರೆಗೆ ಕಾಯಬೇಕು.

ದುಡ್ಡಿನ ಇಕ್ಕಟ್ಟನ್ನಂತೂ ಪುಸ್ತಕ ಮುಟ್ಟಿಯೂ ಮುಟ್ಟದಂತೆ ದಾಟುತ್ತದೆ. ಉಕ್ಕನ್ನು ತಾವೇ ಕೊಂಡು ಮಾಡುವ ಶೆಡ್ಡಿನಲ್ಲಿ ಯಂತ್ರ ನಿಲ್ಲಲು ಬಿಲ್ಲು ಬಾರದಿರುವುದೇ ಸಾಕು. 2006ರ ಎಂಎಸ್‌ಎಂಇ ಕಾಯ್ದೆ ಸಣ್ಣ ಉದ್ದಿಮೆಗಳಿಗೆ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕೆನ್ನುತ್ತದೆ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆ ಬಡ್ಡಿ ಕೇಳಬೇಕಾದವರು ಮುಂದಿನ ಆರ್ಡರಿಗೂ ಅದೇ ಕಚೇರಿಯ ಮೆಟ್ಟಿಲು ಹತ್ತಬೇಕು. ಅದಕ್ಕೇ ಕೇಳುವುದಿಲ್ಲ. ಇದಕ್ಕೆ ಜೋನಾ ಬಳಿ ಪ್ರಶ್ನೆಯೂ ಇಲ್ಲ.

ಇಷ್ಟೆಲ್ಲ ಕೊರತೆಯಿದ್ದರೂ ನಾನು ಈ ಪುಸ್ತಕವನ್ನು ಸಣ್ಣ ಉದ್ದಿಮೆದಾರರ ಕೈಗೆ ಕೊಡುತ್ತೇನೆ. ಕಾರಣ, ಅದು ಕಲಿಸುವ ಹುಡುಕಾಟ ಪ್ರಾಮಾಣಿಕವಾಗಿ ನಡೆದರೆ ಎಷ್ಟೋ ಶೆಡ್ಡುಗಳಲ್ಲಿ ಕೊನೆಗೆ ಮಾಲೀಕರ ಕುರ್ಚಿಯ ಮುಂದೆ ಬಂದು ನಿಲ್ಲುತ್ತದೆ. ರೋಗೊಗೆ ಉತ್ಪಾದನೆಗೆ ಬಾಬ್, ದಾಸ್ತಾನಿಗೆ ಸ್ಟೇಸಿ, ಲೆಕ್ಕಕ್ಕೆ ಲೂ, ಕಂಪ್ಯೂಟರಿಗೆ ರಾಲ್ಫ್ ಇದ್ದಾರೆ. ಇಲ್ಲಿ ನಾಲ್ವರೂ ಒಬ್ಬರೇ. ಕೊಟೇಶನ್, ಡ್ರಾಯಿಂಗಿನ ಅನುಮಾನ, ಇನ್ಸರ್ಟ್ ಖರೀದಿ, ಜಿಎಸ್‌ಟಿ, ಹುಡುಗರ ಅಡ್ವಾನ್ಸು, ಎಲ್ಲಕ್ಕೂ ಅವರೇ ಬೇಕು. ಸೆಟ್ಟಿಂಗ್ ಮುಗಿದು ಮೊದಲ ಪೀಸ್ ಕೈಯಲ್ಲಿರುತ್ತದೆ; ಓಕೆ ಅನ್ನಬೇಕಾದವರು ಇನ್ನಾವುದೋ ಕಂಪನಿಯ ಗೇಟಿನಲ್ಲಿ ಪಾಸಿಗೆ ಕಾಯುತ್ತಿರುತ್ತಾರೆ. ಲಕ್ಷಾಂತರ ರೂಪಾಯಿಯ ಯಂತ್ರ ತಣ್ಣಗೆ ನಿಂತಿರುತ್ತದೆ.

ಗೋಲ್ಡ್‌ರಾಟ್ ಹೇಳಿದ ಹೆಜ್ಜೆಗಳನ್ನು ಇಲ್ಲಿಗೇ ಹಾಕಿ ನೋಡಬೇಕು. ಇಕ್ಕಟ್ಟಿನ ಜಾಗದ ಸಮಯ ಪೋಲಾಗಬಾರದು ಎಂದಾದರೆ, ಮೊದಲ ಪೀಸಿನ ಒಪ್ಪಿಗೆ ಅಳತೆಯ ಪಟ್ಟಿಯೊಂದಿಗೆ ಸೆಟ್ಟರ್ ಕೈಗೆ ಹೋಗಬೇಕು, ಇಂತಿಷ್ಟು ಮೊತ್ತದವರೆಗಿನ ಟೂಲ್ ಖರೀದಿಗೆ ಯಾರೂ ಫೋನ್ ಮಾಡಿ ಕೇಳಬಾರದು. ಅಷ್ಟಾದರೂ ಸಾಲದಿದ್ದರೆ ಆ ಜಾಗದ ಸಾಮರ್ಥ್ಯವನ್ನೇ ಹೆಚ್ಚಿಸಬೇಕು. ಸಾಲ ಮಾಡಿ ಮೂರನೆಯ ಸಿಎನ್‌ಸಿ ತರುವ ಮೊದಲು ಒಬ್ಬ ಒಳ್ಳೆಯ ಸೂಪರ್‌ವೈಸರನ್ನು ಸಂಬಳಕ್ಕಿಟ್ಟುಕೊಳ್ಳಿ ಎಂದು ಪುಸ್ತಕದಲ್ಲಿ ಬರೆದಿಲ್ಲ. ಅದರ ತರ್ಕ ಮಾತ್ರ ನೇರವಾಗಿ ಅಲ್ಲಿಗೇ ಒಯ್ಯುತ್ತದೆ.