ಕಚೇರಿ ಬಂದಿತು, ಸಭೆ ಬರಲಿಲ್ಲ

ದಾವಣಗೆರೆ ಜಿಲ್ಲೆಯ ಹೊನ್ನಾಳಿಯಿಂದ ಬೇರ್ಪಟ್ಟು ನ್ಯಾಮತಿಯು 2018ರಲ್ಲಿ ಪ್ರತ್ಯೇಕ ತಾಲ್ಲೂಕಾಯಿತು. ತಹಶೀಲ್ದಾರರು ಬಂದರು, ಕಚೇರಿಗಳು ತೆರೆದುವು, ಫಲಕಗಳು ಏರಿದುವು. ಆದರೆ ಪ್ರಜಾಪ್ರಭುತ್ವದಲ್ಲಿ ತಾಲ್ಲೂಕೆಂಬ ಹೆಸರಿಗೆ ಯಾವುದು ಪ್ರಾಣಭೂತವೋ ಆ ತಾಲ್ಲೂಕು ಪಂಚಾಯಿತಿಗೆ ತನ್ನ ಪ್ರತಿನಿಧಿಯನ್ನು ಆರಿಸುವ ಅವಕಾಶ ಮಾತ್ರ ನ್ಯಾಮತಿಯ ಮತದಾರನಿಗೆ ಒದಗಲಿಲ್ಲ. ರಾಜ್ಯದಲ್ಲಿ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ, ಎಂದರೆ ನ್ಯಾಮತಿ ಇನ್ನೂ ಹೊನ್ನಾಳಿಯ ಭಾಗವಾಗಿದ್ದ ಕಾಲದಲ್ಲಿ. ಆಗ ಆರಿಸಿ ಬಂದವರ ಅವಧಿ 2021ರಲ್ಲಿ ತೀರಿತು. ಆ ಬಳಿಕ ನಾಲ್ಕು ವರ್ಷಗಳು ಕಳೆದರೂ ಚನ್ನಗಿರಿ, ಹೊನ್ನಾಳಿ, ಜಗಳೂರುಗಳ ಪಂಚಾಯಿತಿ ಸಭಾಂಗಣಗಳಲ್ಲಿ ಸದಸ್ಯರ ಪೀಠಗಳು ಬರಿದಾಗಿಯೇ ಉಳಿದುವು. ನ್ಯಾಮತಿಯಲ್ಲಂತೂ ಬರಿದಾಗುವುದಕ್ಕೆ ಮೊದಲು ಆ ಪೀಠಗಳನ್ನು ತುಂಬಬೇಕಾಗಿದ್ದ ಚುನಾವಣೆಯೇ ನಡೆದಿರಲಿಲ್ಲ.

ರಾಜಕೀಯ ಪಕ್ಷಗಳು ಲೋಕಹಿತವನ್ನು ಮರೆತು ಸ್ವಹಿತವನ್ನೇ ನೋಡುತ್ತವೆಂಬ ಮಾತು ಅರಳಿಕಟ್ಟೆಯಿಂದ ವಿಧಾನಸೌಧದವರೆಗೆ ಎಲ್ಲರ ಬಾಯಲ್ಲಿಯೂ ಇದೆ. ಎಲ್ಲರೂ ಆಡುವ ಮಾತಾದುದರಿಂದಲೇ ಅದು ಯಾರಿಗೂ ತಾಗುವುದಿಲ್ಲ. ಸಾರಾಸಗಟಾದ ನಿಂದೆಯು ನಿಂದಿತನಿಗೆ ಒಂದು ಬಗೆಯ ರಕ್ಷೆಯೇ ಸರಿ. ಆದುದರಿಂದ ಒಂದೇ ಒಂದು ಆಚರಣೆಯನ್ನು, ಅಂದರೆ ಈ ಚುನಾವಣೆಗಳನ್ನು ಮುಂದೂಡುತ್ತ ಹೋದ ಪದ್ಧತಿಯನ್ನು, ತೆಗೆದುಕೊಂಡು ಪರೀಕ್ಷಿಸುವುದು ಯುಕ್ತ.

ಸಂವಿಧಾನದ ಮಾತು ಇಲ್ಲಿ ಅಸ್ಪಷ್ಟವಾಗಿಲ್ಲ. 73ನೆಯ ತಿದ್ದುಪಡಿಯಿಂದ ಸೇರಿದ 243ಇ ವಿಧಿಯು, ಪಂಚಾಯಿತಿಯ ಅವಧಿ ಐದು ವರ್ಷಕ್ಕೆ ಮೀರತಕ್ಕದ್ದಲ್ಲವೆಂದೂ, ಆ ಅವಧಿ ಮುಗಿಯುವುದಕ್ಕೆ ಮುನ್ನವೇ ಮುಂದಿನ ಚುನಾವಣೆ ಪೂರ್ಣಗೊಳ್ಳತಕ್ಕದ್ದೆಂದೂ ವಿಧಿಸುತ್ತದೆ. ಆ ತಿದ್ದುಪಡಿಗೆ ಬಹುಮಟ್ಟಿಗೆ ಮಾದರಿಯನ್ನೊದಗಿಸಿದ ಪ್ರಾಂತ್ಯಗಳಲ್ಲಿ ನಮ್ಮದೂ ಒಂದು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬರು ರೂಪಿಸಿದ 1983ರ ಕಾಯಿದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತುಗಳಿಗೂ ಮಂಡಲ ಪಂಚಾಯಿತಿಗಳಿಗೂ ಚುನಾವಣೆ ನಡೆದು, ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯಮಂತ್ರಿಯ ಸ್ಥಾನಮಾನ ದೊರೆತುದನ್ನು ಹಿರಿಯರು ಮರೆತಿರಲಾರರು. ಆ ಪರಿಷತ್ತುಗಳ ಅವಧಿ 1992ರಲ್ಲಿ ಮುಗಿದಾಗ ಅಂದಿನ ಕಾಂಗ್ರೆಸ್ ಸರ್ಕಾರ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ನೇಮಿಸಿತೆಂಬುದೂ, ಮತ್ತೆ ಜಿಲ್ಲಾ ಮಟ್ಟದಲ್ಲಿ ಮತದಾನ ನಡೆಯಲು 1995ರವರೆಗೆ ಕಾಯಬೇಕಾಯಿತೆಂಬುದೂ ಅಷ್ಟೇ ಸತ್ಯ. ರೋಗ ಹೊಸತಲ್ಲ, ಸಂವಿಧಾನದ ಔಷಧ ದೊರೆತ ಮೇಲೆಯೂ ಮರುಕಳಿಸಿತೆಂಬುದೇ ಹೊಸತು.

ಮರುಕಳಿಸಿದ ಬಗೆಯನ್ನು ನೋಡಬೇಕು. 2021ರಲ್ಲಿ ರಾಜ್ಯ ಚುನಾವಣಾ ಆಯೋಗವು ಕ್ಷೇತ್ರಗಳನ್ನು ವಿಂಗಡಿಸಿ ಮೀಸಲಾತಿಯ ಕರಡನ್ನು ಪ್ರಕಟಿಸುವ ಹಂತಕ್ಕೆ ಬಂದಿದ್ದಾಗ, ಅಂದಿನ ಭಾರತೀಯ ಜನತಾ ಪಕ್ಷದ ಸರ್ಕಾರವು ಕಾಯಿದೆಯನ್ನೇ ತಿದ್ದಿ, ವಿಂಗಡಣೆಯ ಅಧಿಕಾರವನ್ನು ಆಯೋಗದಿಂದ ಹಿಂತೆಗೆದುಕೊಂಡು, ತಾನು ರಚಿಸಿದ ಬೇರೊಂದು ಸೀಮಾ ನಿರ್ಣಯ ಆಯೋಗಕ್ಕೆ ಒಪ್ಪಿಸಿತು. ಚುನಾವಣಾ ಆಯೋಗ ಹೈಕೋರ್ಟಿನ ಮೆಟ್ಟಿಲೇರಿತು. ವಾಯಿದೆಯ ಮೇಲೆ ವಾಯಿದೆ ಕೇಳಿದ ಸರ್ಕಾರಕ್ಕೆ 2022ರ ಡಿಸೆಂಬರಿನಲ್ಲಿ ನ್ಯಾಯಾಲಯ 5 ಲಕ್ಷ ರೂಪಾಯಿ ದಂಡ ವಿಧಿಸಿತು. ವಿರೋಧ ಪಕ್ಷದಲ್ಲಿದ್ದಾಗ ಈ ವಿಳಂಬವನ್ನು ಖಂಡಿಸಿದ ಕಾಂಗ್ರೆಸ್ಸು 2023ರ ಮೇ ತಿಂಗಳಲ್ಲಿ ಅಧಿಕಾರಕ್ಕೆ ಬಂದಿತು. ಬಂದ ಮೇಲೆ ಅದೂ ಅದೇ ಹಾದಿ ಹಿಡಿಯಿತು. ಖಂಡಿಸಿದವರು ಮಾಡಲಾರಂಭಿಸಿದರು, ಮಾಡಿದವರು ಖಂಡಿಸಲಾರಂಭಿಸಿದರು. ಯಾವ ವಿಷಯದಲ್ಲಿಯೂ ಒಮ್ಮತಕ್ಕೆ ಬಾರದ ಪಕ್ಷಗಳು ಮಾತಿನಲ್ಲಿ ಕಿತ್ತಾಡುತ್ತಲೇ ಕೃತಿಯಲ್ಲಿ ಇಷ್ಟೊಂದು ಒಮ್ಮತ ತೋರಿದ ಇನ್ನೊಂದು ಸಂದರ್ಭವನ್ನು ಹುಡುಕುವುದು ಕಷ್ಟ.

ನ್ಯಾಯವಾಗಿ ಹೇಳಬೇಕೆಂದರೆ ಸರ್ಕಾರಗಳ ಪರವಾಗಿಯೂ ವಾದವಿಲ್ಲದಿಲ್ಲ. ಹಿಂದುಳಿದ ವರ್ಗಗಳ ಮೀಸಲಾತಿಗೆ ಅಂಕಿಅಂಶಗಳ ಆಧಾರವಿರಬೇಕೆಂದು ಸುಪ್ರೀಂ ಕೋರ್ಟು 2021ರಲ್ಲಿ ಸ್ಪಷ್ಟಪಡಿಸಿದುದರಿಂದ, ನ್ಯಾಯಮೂರ್ತಿ ಭಕ್ತವತ್ಸಲ ಸಮಿತಿಯನ್ನು 2022ರಲ್ಲಿ ನೇಮಿಸಬೇಕಾಯಿತು. ಆ ವರ್ಗಗಳಿಗೆ ಅನ್ಯಾಯವಾಗದಂತೆ ನೋಡಿಕೊಳ್ಳುವುದು ಸಣ್ಣ ಕಾರ್ಯವಲ್ಲ. ಆದರೆ ಆ ಸಮಿತಿ ಅದೇ ವರ್ಷ ವರದಿಯನ್ನೊಪ್ಪಿಸಿತು. ಇಂಥ ಕಾರಣಕ್ಕಾಗಿ ಚುನಾವಣೆಯನ್ನೇ ತಡೆಯಲಾಗದೆಂದು ಸುಪ್ರೀಂ ಕೋರ್ಟು ಮಧ್ಯಪ್ರದೇಶದ ಪ್ರಕರಣದಲ್ಲಿ ಆ ಮೊದಲೇ ಹೇಳಿಯೂ ಇದ್ದಿತು. ಕಾರಣಗಳು ಒಂದೊಂದಾಗಿ ತೀರಿದರೂ ವಿಳಂಬ ಮಾತ್ರ ತೀರದಿದ್ದರೆ, ಕಾರಣ ಬೇರೆಯೇ ಇದೆಯೆಂದು ತಿಳಿಯಬೇಕಾಗುತ್ತದೆ.

ಆ ಬೇರೆಯ ಕಾರಣ ಕಾಯಿದೆಯ ರಚನೆಯಲ್ಲಿಯೇ ಕಣ್ಣಿಗೆ ಬೀಳುತ್ತದೆ. ಗ್ರಾಮ ಪಂಚಾಯಿತಿಯ ಚುನಾವಣೆಯಲ್ಲಿ ಪಕ್ಷದ ಚಿಹ್ನೆಗೆ ಎಡೆಯಿಲ್ಲ. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಲ್ಲಿ ಉಂಟು. ಕೋವಿಡ್ಡಿನ ಭೀತಿಯ ನಡುವೆಯೂ 2020ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿಗಳ ಚುನಾವಣೆ ನಡೆದೇ ನಡೆಯಿತು. ಪಕ್ಷಗಳಿಗೆ ಪ್ರವೇಶವಿಲ್ಲದ ಮಟ್ಟದಲ್ಲಿ ಮತದಾನ ನಡೆದು, ಪ್ರವೇಶವುಳ್ಳ ಮಟ್ಟದಲ್ಲಿಯೇ ನಿಂತುಹೋದುದು ಆಕಸ್ಮಿಕವೆ? ಚಿಹ್ನೆಯ ಮೇಲೆ ಸೋತರೆ ಆ ಸೋಲು ಆಳುವ ಪಕ್ಷದ ಖಾತೆಗೆ ಜಮೆಯಾಗುತ್ತದೆ. ಗೆದ್ದರೋ, ಗೆದ್ದವನು ಮುಂದಿನ ವಿಧಾನಸಭಾ ಚುನಾವಣೆಯಲ್ಲಿ ಹಾಲಿ ಶಾಸಕರ ಟಿಕೆಟ್ಟಿಗೇ ಕೈಚಾಚುತ್ತಾನೆ. ಸದಸ್ಯರಿಲ್ಲದ ತಾಲ್ಲೂಕಿನಲ್ಲಾದರೆ ಈ ಎರಡು ಭಯವೂ ಇಲ್ಲ: ಕಾಮಗಾರಿ ಯಾವ ಕೇರಿಗೆ, ಮನೆ ಯಾರ ಹೆಸರಿಗೆ ಎಂಬ ನಿರ್ಣಯದಲ್ಲಿ ಶಾಸಕರ ಮಾತೇ ಕೊನೆಯ ಮಾತು; ಅದನ್ನು ಪ್ರಶ್ನಿಸತಕ್ಕ ಇನ್ನೊಬ್ಬ ಚುನಾಯಿತ ವ್ಯಕ್ತಿ ತಾಲ್ಲೂಕು ಮಟ್ಟದಲ್ಲಿ ಇಲ್ಲ.

ಇದರ ಫಲವೇನೆಂಬುದನ್ನು ಜಗಳೂರಿನಂಥ ಬರದ ಸೀಮೆಯಲ್ಲಿ ಕಾಣಬಹುದು. ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿದಾಗ ಊರಿಗೆ ಟ್ಯಾಂಕರ್ ಬರುತ್ತದೆ. ಎಷ್ಟು ಬಾರಿ ಬಂದಿತು, ಬಿಲ್ಲಿನಲ್ಲಿ ಎಷ್ಟು ಬಾರಿ ಬಂದಂತೆ ಬರೆಯಲ್ಪಟ್ಟಿತು ಎಂಬುದನ್ನು, ಚುನಾಯಿತ ಪಂಚಾಯಿತಿಯಿದ್ದ ಕಾಲದಲ್ಲಿ, ಆ ಕ್ಷೇತ್ರದ ಸದಸ್ಯ ಸಾಮಾನ್ಯ ಸಭೆಯಲ್ಲಿ ಎದ್ದುನಿಂತು ಕೇಳಬಹುದಾಗಿತ್ತು. ಉತ್ತರ ನಡಾವಳಿ ಪುಸ್ತಕದಲ್ಲಿ ದಾಖಲಾಗಬೇಕಾಗಿತ್ತು. ಹಣಕಾಸು ಸ್ಥಾಯಿ ಸಮಿತಿಯ ಮುಂದೆ ಲೆಕ್ಕ ಬರಬೇಕಾಗಿತ್ತು. ಈಗ ಶಾಸಕರ ಅಧ್ಯಕ್ಷತೆಯಲ್ಲಿ ಪ್ರಗತಿ ಪರಿಶೀಲನೆಯ ಕೆಡಿಪಿ ಸಭೆ ಸೇರುತ್ತದೆ, ಇಲಾಖೆಗಳ ಅಧಿಕಾರಿಗಳು ಶೇಕಡಾವಾರು ಪ್ರಗತಿಯನ್ನು ಓದುತ್ತಾರೆ, ಸಭೆ ಮುಗಿಯುತ್ತದೆ. ಭದ್ರಾ ಮೇಲ್ದಂಡೆ ಯೋಜನೆಗೆ 2023ರ ಕೇಂದ್ರ ಮುಂಗಡಪತ್ರದಲ್ಲಿ 5,300 ಕೋಟಿ ರೂಪಾಯಿ ಘೋಷಿತವಾದ ಮೇಲೆ, ಆ ಹಣ ಬಾರದಿದ್ದುದಕ್ಕೆ ದೆಹಲಿಯವರು ಬೆಂಗಳೂರನ್ನೂ ಬೆಂಗಳೂರಿನವರು ದೆಹಲಿಯನ್ನೂ ದೂರುವುದನ್ನು ಜಗಳೂರಿನ ರೈತ ಬೇಕಾದಷ್ಟು ಕೇಳಿದ್ದಾನೆ. ತನ್ನೂರಿನ ಟ್ಯಾಂಕರಿನ ಲೆಕ್ಕವನ್ನು ಕೇಳತಕ್ಕವರು ಮಾತ್ರ ಅವನಿಗಿಲ್ಲ. ಈ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲು. ಚುನಾವಣೆ ನಿಂತಿತೆಂದರೆ, ವಿಧಾನಸಭೆಯ ಟಿಕೆಟ್ಟು ಸುಲಭವಾಗಿ ದೊರೆಯದ ಹೆಣ್ಣುಮಕ್ಕಳಿಗೆ ಸಾರ್ವಜನಿಕ ಜೀವನದಲ್ಲಿದ್ದ ಮೊದಲ ಮೆಟ್ಟಿಲೂ ಜಾರಿತೆಂದೇ ಅರ್ಥ.

ಹಳೆಯ ಜಿಲ್ಲಾ ಪಂಚಾಯಿತಿಗಳು ಪರಿಶುದ್ಧವಾಗಿದ್ದುವೆಂದು ಯಾರೂ ಹೇಳಲಾರರು. ಸದಸ್ಯರೇ ಬೇನಾಮಿ ಗುತ್ತಿಗೆದಾರರಾಗುತ್ತಿದ್ದಾರೆಂಬ, ಅಧ್ಯಕ್ಷಗಿರಿಯನ್ನು ತಿಂಗಳುಗಳ ಲೆಕ್ಕದಲ್ಲಿ ಹಂಚಿಕೊಳ್ಳುತ್ತಿದ್ದಾರೆಂಬ ದೂರುಗಳು ಆಗಲೂ ಇದ್ದುವು. ಆದರೆ ಕೆಟ್ಟ ಸದಸ್ಯನನ್ನು ಐದು ವರ್ಷಕ್ಕೊಮ್ಮೆ ಮನೆಗೆ ಕಳುಹಿಸುವ ಉಪಾಯ ಮತದಾರನ ಕೈಯಲ್ಲಿತ್ತು. ಸದಸ್ಯರ ಜಾಗದಲ್ಲಿ ಕುಳಿತ ಆಡಳಿತಾಧಿಕಾರಿಯ ವಿಷಯದಲ್ಲಿ ಅವನ ಕೈಯಲ್ಲಿ ಏನೂ ಇಲ್ಲ.

ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರಾದ ಜೆ.ಎಚ್. ಪಟೇಲರು ಮುಖ್ಯಮಂತ್ರಿಗಳಾಗಿದ್ದಾಗ, 1997ರಲ್ಲಿ, ಶಿವಮೊಗ್ಗದಿಂದ ಚನ್ನಗಿರಿ–ಹೊನ್ನಾಳಿಗಳನ್ನೂ ಚಿತ್ರದುರ್ಗದಿಂದ ಜಗಳೂರನ್ನೂ ತೆಗೆದು ದಾವಣಗೆರೆ ಜಿಲ್ಲೆಗೆ ಸೇರಿಸಿದುದು ಆಡಳಿತ ಜನರ ಬಳಿಗೆ ಬರಬೇಕೆಂಬ ಉದ್ದೇಶದಿಂದ. ನ್ಯಾಮತಿ ತಾಲ್ಲೂಕಾದುದೂ ಅದೇ ನ್ಯಾಯದಿಂದ. ಹೊಸ ಜಿಲ್ಲೆ, ಹೊಸ ತಾಲ್ಲೂಕು, ಹೊಸ ಕಟ್ಟಡ ಎಂದರೆ ಎಲ್ಲ ಪಕ್ಷಗಳಿಗೂ ಉತ್ಸಾಹ ಬರುತ್ತದೆ. ಏಕೆಂದರೆ ಅವು ಶಂಕುಸ್ಥಾಪನೆಯ ಕಲ್ಲನ್ನೂ ಕೃತಜ್ಞತೆಯ ಮತವನ್ನೂ ತರುತ್ತವೆ. ಚುನಾಯಿತ ಸಭೆ ಎಂದೊಡನೆ ಆ ಉತ್ಸಾಹ ಉಡುಗುತ್ತದೆ. ಏಕೆಂದರೆ ಅದು ಪ್ರಶ್ನೆಯನ್ನು ತರುತ್ತದೆ. ಕಚೇರಿಯನ್ನು ಹತ್ತಿರಕ್ಕೆ ತಂದು ಅಧಿಕಾರವನ್ನು ದೂರದಲ್ಲಿಯೇ ಇರಿಸಿಕೊಂಡ ಈ ವ್ಯವಸ್ಥೆಯನ್ನು ವಿಕೇಂದ್ರೀಕರಣವೆಂದು ಕರೆಯುವುದು ಸತ್ಯಕ್ಕೆ ಮಾಡುವ ಅಪಚಾರ.

ಕ್ಷೇತ್ರ ವಿಂಗಡಣೆಯ ಅಧಿಕಾರ ಚುನಾವಣಾ ಆಯೋಗಕ್ಕೆ ಮರಳಬೇಕು. ಚುನಾವಣೆಯ ದಿನಾಂಕ ಆಳುವವರ ಅನುಕೂಲಕ್ಕೆ ಕಾಯಬಾರದು. ಆದರೆ ಪಕ್ಷಗಳು ಇದನ್ನು ತಾವಾಗಿಯೇ ಮಾಡುವುವೆಂದು ನಂಬುವುದಕ್ಕೆ ಕಳೆದ ವರ್ಷಗಳ ಚರಿತ್ರೆಯಲ್ಲಿ ಆಧಾರವಿಲ್ಲ. ಆದುದರಿಂದ ಈ ನಾಲ್ಕು ತಾಲ್ಲೂಕುಗಳ ಮತದಾರರು, ಮುಂದೆ ಯಾವ ಪಕ್ಷದವರೇ ಮತ ಕೇಳಲು ಬರಲಿ, ರಸ್ತೆ–ಸೇತುವೆಗಳ ಮಾತಿಗೆ ಮೊದಲು ಅವರ ಸರ್ಕಾರ ಯಾವ ವರ್ಷ ಎಷ್ಟು ವಾಯಿದೆ ಕೇಳಿತೆಂಬುದನ್ನು ಕೇಳಲಿ, ಉತ್ತರ ಬರುವವರೆಗೆ ಬಿಡದಿರಲಿ.