ಅಪ್ಪೋ, ತಪ್ಪೋ?

ಆಂಧ್ರದಲ್ಲಿ ಸಂಸಾರ ಹೂಡಿದ ಕನ್ನಡಿಗರಿಗೆ 'ಅಪ್ಪು' ಎಂಬ ತೆಲುಗು ಮಾತನ್ನು ಕಲಿಸುವುದು ಕಿರಾಣಿ ಅಂಗಡಿ. ಅಪ್ಪು ಎಂದರೆ ಸಾಲ. ಅದೇ ಮಾತು ದೇವರ ಮುಂದೆಯೂ ಸಲ್ಲುತ್ತದೆಂದು ನಾವು ಅರಿತದ್ದು ವಿಜಯವಾಡದ ಗುಣದಲದಲ್ಲಿ. 1924ರಿಂದ ಲೂರ್ದು ಮಾತೆಯ ಪ್ರತಿಮೆಯಿರುವ ಆ ಗುಡ್ಡಕ್ಕೆ ಒಂದು ಫೆಬ್ರವರಿಯ ಉತ್ಸವದಲ್ಲಿ ಕನ್ನಡ ಕ್ರೈಸ್ತ ಮಿತ್ರರೊಡನೆ ಹೋಗಿದ್ದೆವು. ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯನ್ನು ಜನ ತೆಲುಗಿನಲ್ಲಿ ಹೇಳುತ್ತಿದ್ದರು. ಮಿತ್ರರು ಮನೆಯಲ್ಲಿ 'ತಪ್ಪುಗಳನ್ನು' ಕ್ಷಮಿಸೆಂದು ಬೇಡುವ ಕಡೆ ಅಲ್ಲಿ 'ಅಪ್ಪುಲು' ಎಂದು ಕೇಳಿಸಿತು.

ಇದು ಕಿವಿಯ ದೋಷವಲ್ಲ. ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದ ಗ್ರೀಕ್ ಮೂಲದಲ್ಲಿರುವುದು ಸಾಲವೆಂಬ ಅರ್ಥದ ಶಬ್ದವೇ. ಲೂಕನು ಅದೇ ಕಡೆ ಪಾಪ ಎನ್ನುತ್ತಾನೆ. ಯೇಸುವಿನ ಆಡುಮಾತಾದ ಅರಾಮಿಕ್‌ನಲ್ಲಿ ಎರಡಕ್ಕೂ ಒಂದೇ ಪದವುಂಟು. 1805ರಲ್ಲಿ ವಿಶಾಖಪಟ್ಟಣಕ್ಕೆ ಬಂದ ಲಂಡನ್ ಮಿಷನ್ನಿನ ಕ್ರ್ಯಾನ್ ಮತ್ತು ಡೆಸ್ ಗ್ರ್ಯಾಂಜಸ್ ಆನಂದರಾಯರ ನೆರವಿನಿಂದ ಸುವಾರ್ತೆಗಳನ್ನು ತೆಲುಗಿಗೆ ತರತೊಡಗಿದರು. ಅದೇ ಮಿಷನ್ನಿನ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡದ ಕೆಲಸ ಹಿಡಿದರು. ಪರಿಷ್ಕರಣಗಳನ್ನು ದಾಟಿ ಇಂದು ಬಳಕೆಯಲ್ಲಿರುವ ತೆಲುಗು ಬೈಬಲ್ಲಿನಲ್ಲಿ 'ಋಣ' ಉಳಿದಿದೆ, ಕನ್ನಡದಲ್ಲಿ 'ತಪ್ಪು' ನಿಂತಿದೆ.

ಕನ್ನಡದ ಅನುವಾದ ಸರಿಯಿಲ್ಲವೆಂದು ನಾವು ಹೇಳುವುದಿಲ್ಲ. ನಮ್ಮ ಆಕ್ಷೇಪವಿರುವುದು ಅದರ ಬಗ್ಗೆ ಬರೆಯುವ ಧ್ಯಾನ ಲೇಖನಗಳ ಮೇಲೆ. ಮೇಲೊಂದು ವಚನ, ನಡುವೆ ಒಂದು ಕಥೆ, ಕೊನೆಗೆ ಪುಟ್ಟ ಪ್ರಾರ್ಥನೆ. ಕಥೆಯಲ್ಲಿ ಇಬ್ಬರು ಮುನಿಯುತ್ತಾರೆ, ಪುನಃ ಕೂಡುತ್ತಾರೆ. ಯಾರಿಗೂ ಒಂದು ಕಾಸಿನ ನಷ್ಟವಾಗುವುದಿಲ್ಲ. ದಿನನಿತ್ಯದ ಬಾಳು ಹೀಗಿರುವುದುಂಟೇ?

ಮತ್ತಾಯನ 18ನೆಯ ಅಧ್ಯಾಯದ ನಿರ್ದಯಿ ಆಳಿನ ಸಾಮತಿಯನ್ನೇ ನೋಡಿ. ಹತ್ತು ಸಾವಿರ ತಲಾಂತು ಸಾಲ ಮನ್ನಾ ಆದವನು ಜೊತೆಯ ಆಳಿನ ಕುತ್ತಿಗೆ ಹಿಡಿದದ್ದು ನೂರು ದಿನಾರಿ ನಾಣ್ಯಕ್ಕಾಗಿ. ಈ ನೂರನ್ನು 'ಅಲ್ಪ ಮೊತ್ತ'ವೆಂದು ಬರೆದು ಮುಂದೆ ಹೋಗುವುದು ವಾಡಿಕೆ. ಆದರೆ ಅದೇ ಸುವಾರ್ತೆಯ 20ನೆಯ ಅಧ್ಯಾಯದಲ್ಲಿ ಒಂದು ದಿನಾರಿ ಒಂದು ದಿನದ ಕೂಲಿ. ನೂರು ದಿನದ ಕೂಲಿ! ಬಾಡಿಗೆ ಮನೆಯಲ್ಲಿ ತಿಂಗಳ ಕೊನೆ ಕಂಡವರಿಗೆ ಅದರ ತೂಕ ಗೊತ್ತು. ಹತ್ತು ಸಾವಿರ ತಲಾಂತಿನ ಮುಂದೆ ಅದು ಅಲ್ಪವೇ ಸರಿ, ಕೊಟ್ಟವನ ಮನೆಯಲ್ಲಿ ಅಲ್ಲ. ಕಥೆಯ ಬಿಗಿಯೆಲ್ಲ ಇರುವುದು ಇಲ್ಲಿ. ಲೇಖಕರು ಹಾರಿ ದಾಟುವುದೂ ಇದನ್ನೇ.

ಗುಡ್ಡ ಇಳಿಯುವಾಗ ನಮ್ಮ ಮಿತ್ರರು ಊರಿನಲ್ಲಿರುವ ಭಾವಮೈದುನನ ಮಾತೆತ್ತಿದರು. ಕೊಟ್ಟ ಕೈಸಾಲ ಹಿಂದಿರುಗದೆ ನಾಲ್ಕು ವರ್ಷದಿಂದ ಎರಡು ಮನೆಗೂ ಹೋಗಿಬರುವುದು ನಿಂತಿತ್ತಂತೆ. "ದಿನಾ ಪ್ರಾರ್ಥನೆ ಹೇಳ್ತೀವಿ, ಸ್ವಾಮಿ. ಅವನ ನೆನಪು ಒಂದು ದಿನವೂ ಬಂದಿರಲಿಲ್ಲ ನೋಡಿ," ಎಂದರು. ಅವರ ಶ್ರೀಮತಿಯವರು ಏನೂ ಹೇಳದೆ ಮಗುವಿನ ಕೈ ಹಿಡಿದು ಮುಂದೆ ನಡೆದರು. ಸಾಲ ಬಿಟ್ಟರೋ ಇಲ್ಲವೋ, ನಾವು ಕೇಳಲಿಲ್ಲ.