‘ಘಟಶ್ರಾದ್ಧ’ದ ಯಮುನೆ: ತಾಯ್ತನ ಮತ್ತು ಬಹಿಷ್ಕಾರ

ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ 1975ರಲ್ಲಿ ವ್ಯಾಸಂಗ ಮುಗಿಸಿದ ಗಿರೀಶ್ ಕಾಸರವಳ್ಳಿಯವರು ಅಲ್ಲಿ ಡಿಪ್ಲೊಮಾಕ್ಕಾಗಿ ‘ಅವಶೇಷ’ ಎಂಬ ಕಿರುಚಿತ್ರವನ್ನು ತಯಾರಿಸಿದ್ದರು. ಎರಡು ವರ್ಷಗಳ ನಂತರ, ಯು. ಆರ್. ಅನಂತಮೂರ್ತಿಯವರ ಕಥೆಯನ್ನಾಧರಿಸಿ ಅವರು ನಿರ್ದೇಶಿಸಿದ ‘ಘಟಶ್ರಾದ್ಧ’ ಸ್ವರ್ಣಕಮಲ ಪಡೆಯಿತು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಕಾಪಾಡಿಕೊಂಡು ಬಂದ ಮೂಲ ನೆಗೆಟಿವಿನ ನೆರವಿನಿಂದ ಪುನರುದ್ಧಾರಗೊಂಡ ಆ ಚಿತ್ರ 2024ರಲ್ಲಿ ವೆನಿಸ್ ಉತ್ಸವದಲ್ಲಿ ಪ್ರದರ್ಶಿತವಾದುದರಿಂದ, ಹೊರನಾಡಿನ ಅಧ್ಯಯನಕಾರರು ಅದನ್ನು ಹೊಸದಾಗಿ ಪರಿಶೀಲಿಸಲು ಅವಕಾಶವಾಗಿದೆ.

ಈ ಚಿತ್ರವನ್ನು ಸಂಪ್ರದಾಯದ ವಿಮರ್ಶೆಯಾಗಿ ಓದುವ ರೂಢಿ ನಮ್ಮಲ್ಲಿ ಬಲವಾಗಿದೆ. ಆ ಓದು ತಪ್ಪಲ್ಲ. ಆದರೆ ಅದರಲ್ಲಿ ಯಮುನೆ ಬರಿಯ ನಿದರ್ಶನವಾಗಿ ಉಳಿದುಬಿಡುತ್ತಾಳೆ. ವೇದಪಾಠಶಾಲೆ ನಡೆಸುವ ಉಡುಪರ ವಿಧವೆ ಮಗಳಾದ ಇವಳು ಎಳೆಯ ವಯಸ್ಸಿನಲ್ಲೇ ಎರಡು ಬಗೆಯ ತಾಯ್ತನಗಳ ನಡುವೆ ಸಿಲುಕಿದವಳು ಎಂಬುದನ್ನು ನಾವು ಗಮನಿಸಬೇಕು. ಮನೆಬಿಟ್ಟು ಬಂದ ಪುಟ್ಟ ನಾಣಿಗೆ ಅವಳು ‘ಯಮುನಕ್ಕ’. ಸಂಬೋಧನೆ ಅಕ್ಕನದಾದರೂ ಅವಳು ಮಾಡುವುದು ತಾಯಿಯ ಕೆಲಸವೇ. ಹಿರಿಯ ವಿದ್ಯಾರ್ಥಿಗಳ ಕಾಟದಿಂದ ಅವನನ್ನು ಕಾಯುವುದು, ಊರ ನೆನಪಾದಾಗ ಸಂತೈಸುವುದು—ಇದಕ್ಕೆ ಅಗ್ರಹಾರದ ತಕರಾರಿಲ್ಲ. ತಕರಾರು ಹುಟ್ಟುವುದು ಅವಳ ಒಡಲಿನ ತಾಯ್ತನದ ಬಗ್ಗೆ ಮಾತ್ರ. ಗರ್ಭಕ್ಕೆ ಕಾರಣನಾದ ಮೇಷ್ಟರು ಗರ್ಭಪಾತಕ್ಕೆ ಏರ್ಪಾಡು ಮಾಡಿ ನುಣುಚಿಕೊಳ್ಳುತ್ತಾನೆ. ಹಾವಿನ ಹುತ್ತಕ್ಕೆ ಅವಳು ಕೈಯಿಡುವಾಗ ಜೊತೆಗಿರುವವನು ನಾಣಿಯೊಬ್ಬನೇ: ಅವಳ ಒಂಟಿತನಕ್ಕೆ ಸಾಕ್ಷಿಯಾಗಬಲ್ಲ, ಆದರೆ ಅದನ್ನು ಹಂಚಿಕೊಳ್ಳಲಾರದ ಮಗು.

ಚಿತ್ರದ ಶಕ್ತಿಯೂ ಮಿತಿಯೂ ಇಲ್ಲಿಯೇ ಇದೆ. ಬಾಲಕನ ಕಣ್ಣಿಗೆ ಕಂಡಷ್ಟನ್ನೇ ತೋರಿಸುವ ಸಂಯಮದಿಂದಾಗಿ, ಎಸ್. ರಾಮಚಂದ್ರರ ಕಪ್ಪುಬಿಳುಪಿನ ಛಾಯಾಗ್ರಹಣದಲ್ಲಿ ಯಮುನೆಯ ದುಃಖ ಎಲ್ಲಿಯೂ ಪ್ರದರ್ಶನದ ವಸ್ತುವಾಗುವುದಿಲ್ಲ. (ಆ ಕಾಲದ ಕನ್ನಡ ಚಿತ್ರಗಳ ವಿಧವೆಯರ ಕಣ್ಣೀರನ್ನು ಬಲ್ಲವರಿಗೆ ಇದು ಸಣ್ಣ ಸಂಗತಿಯಲ್ಲ.) ಮೀನಾ ಕುಟ್ಟಪ್ಪನವರ ಅಭಿನಯವೂ ಈ ಸಂಯಮಕ್ಕೆ ಒಪ್ಪುವಂಥದು. ಆದರೆ ಬಸಿರು ಇತರರಿಗೆಲ್ಲ ಸುದ್ದಿಯಾಗಿ, ಅಪವಾದವಾಗಿ, ಪರಿಹರಿಸಬೇಕಾದ ತೊಡಕಾಗಿ ಕಾಣುತ್ತದೆಯೇ ಹೊರತು ಯಮುನೆಗೆ ಅದು ಏನಾಗಿತ್ತು? ಆ ಮಗು ಅವಳಿಗೆ ಬೇಕಾಗಿತ್ತೇ? ಚಿತ್ರ ಈ ಪ್ರಶ್ನೆಯನ್ನು ಎತ್ತುವುದಿಲ್ಲ. ನಾಣಿ ಕೇಳಲಾರ ಎಂಬ ಸಮಾಧಾನ ನಮಗೆ ಸಾಲದು. ಅವನ ಬೆನ್ನ ಹಿಂದೆ ನಿಂತು ಕೇಳಬಹುದಾಗಿದ್ದವನು ನಿರ್ದೇಶಕ.

ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡಿ, ಗಡಿಗೆ ಒಡೆದು, ಸಂಬಂಧ ಕಡಿದುಕೊಳ್ಳುತ್ತಾನೆ. ಆಮೇಲೆ ಆ ವೃದ್ಧನಿಗೇ ಎಳೆಯ ಹುಡುಗಿಯೊಡನೆ ಮದುವೆಯ ಮಾತು ಬರುತ್ತದೆ. ವ್ಯಂಗ್ಯ ತುಸು ಸಿದ್ಧಮಾದರಿಯದೆನಿಸಿದರೂ ಅದರೊಳಗೊಂದು ಭಯವಿದೆ: ಅಗ್ರಹಾರಕ್ಕೆ ಬರಲಿರುವವಳು ಇನ್ನೊಬ್ಬ ಯಮುನೆ. ಪಾಠಶಾಲೆ ಮುಚ್ಚುತ್ತದೆ. ಮನೆಗೆ ಹೊರಟ ನಾಣಿ ಮರದಡಿಯಲ್ಲಿ ತಲೆ ಬೋಳಿಸಿಕೊಂಡ ಯಮುನಕ್ಕನನ್ನು ಕಾಣುತ್ತಾನೆ. ಅವಳು ಸಾಕಿದ ಮಗುವೂ ಹೀಗೆ ಅವಳಿಂದ ದೂರವಾಗುತ್ತದೆ.